ದನಿಯಿಲ್ಲದ ನಾಯಕಿ

ತೈಪೇಯ ರೈಲು ನಿಲ್ದಾಣದ ಕೆಳಗಿನ ಅಂಗಡಿಸಾಲಿನಲ್ಲಿ ಯೂ ಸು-ಚಿನ್ ಕೆಲಸಕ್ಕೆ ಹೆಸರಿಡುವವರು ಯಾರೂ ಇರಲಿಲ್ಲ. ತೇವಕ್ಕೆ ಬೂಸಲು ಹಿಡಿದ ಹಳೆಯ ಸಿನಿಮಾ ಡಿಸ್ಕುಗಳನ್ನು ಜನ ತಂದುಕೊಡುತ್ತಿದ್ದರು. ಅವಳು ಅವನ್ನು ಒರೆಸಿ, ಕಂಪ್ಯೂಟರಿಗೆ ಇಳಿಸಿ, ಹೊಸ ಪ್ರತಿ ಮಾಡಿಕೊಡುತ್ತಿದ್ದಳು. ಪಕ್ಕದ ಅಂಗಡಿಯವರೂ ಅದನ್ನೇ ಮಾಡುತ್ತಿದ್ದರು, ಆದರೆ ಡಿಸ್ಕಿನಲ್ಲಿ ಜಾಗ ಉಳಿಸುವ ಆಸೆಗೆ, ಸದ್ದಿನ ಸ್ಪಷ್ಟತೆ ಕಾಯುವ ಬಿಟ್‌ರೇಟನ್ನು ಹಿಂಡಿ ಹಿಪ್ಪೆ ಮಾಡಿ, ಮಾತೆಲ್ಲ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಮಾಡಿಡುತ್ತಿದ್ದರು. ಇನ್ನು ಕೆಲವರ ಪ್ರತಿಗಳಲ್ಲಿ ಪ್ರೇಮಿಗಳು ಮಾತಾಡಿದರೆ ವಾಲ್ಯೂಮ್ ಏರಿಸಬೇಕು, ಗುಂಡು ಹಾರಿದರೆ ಓಡಿಹೋಗಿ ಇಳಿಸಬೇಕು. ಸು-ಚಿನ್ ಮಾತ್ರ ಕಿವಿಗೆ ಹೆಡ್‌ಫೋನ್ ಏರಿಸಿ ಕೂತು, ಮಾತಿನ ಪಟ್ಟಿ ಬೇರೆ, ಸಂಗೀತದ್ದು ಬೇರೆ, ಸದ್ದುಗದ್ದಲದ್ದು ಬೇರೆ ಎಂದು ಬಿಡಿಸಿಕೊಂಡು ಒಂದೊಂದನ್ನೂ ಹದಕ್ಕೆ ತರುತ್ತಿದ್ದಳು.

ಅವಳಿಗೆ ಆ ಕಿವಿ ಬಂದದ್ದು ಡಬ್ಬಿಂಗ್ ಕೋಣೆಯಲ್ಲಿ. ಆಗಿನ ಸಿನಿಮಾಗಳಲ್ಲಿ ನಟಿಯರು ಕ್ಯಾಮರಾ ಎದುರು ಬಾಯಿ ಆಡಿಸಿದರೆ ಸಾಕಿತ್ತು. ಕತ್ತಲೆ ಕೋಣೆಯಲ್ಲಿ ನಿಂತು ಮಾತಾಡುವವರು ಬೇರೆಯೇ ಇರುತ್ತಿದ್ದರು. ಪೈ ಮಾನ್-ಯುನ್ ಎಂಬ ಚೆಲುವೆಗೆ ದನಿ ಕೊಡುತ್ತಿದ್ದವಳು ಸು-ಚಿನ್. ಮಾನ್-ಯುನ್ ಗಂಟಲು ಒಡಕು. ‘ಉಪ್ಪಿನ ಬಂದರು’ ಚಿತ್ರಕ್ಕೆ ಅವಳಿಗೆ ಪ್ರಶಸ್ತಿ ಬಂದಾಗ, ಆ ದನಿ ನಿಮ್ಮದೇನಾ ಎಂದು ಪತ್ರಿಕೆಯವರು ಕೇಳಿದರು. ಮತ್ತಿನ್ಯಾರದು ಎಂದು ನಕ್ಕಳು ಪುಣ್ಯಾತ್ಗಿತ್ತಿ. ಸು-ಚಿನ್ ಪತ್ರಿಕೆಯವರ ಹತ್ತಿರ ಹೋಗಿ ಅದು ನನ್ನದು ಎಂದಳು, ಅಷ್ಟೇ. ಮಾನ್-ಯುನ್ ಸ್ಟುಡಿಯೋ ಸ್ಟುಡಿಯೋ ಸುತ್ತಿ, ಆ ಹುಡುಗಿಗೆ ಹೊಟ್ಟೆಕಿಚ್ಚಿನಿಂದ ತಲೆ ಕೆಟ್ಟಿದೆ ಎಂದು ಹೇಳಿ ಬಂದಳು. ಅಲ್ಲಿಗೆ ಸು-ಚಿನ್‌ಳನ್ನು ಕರೆಯುವವರು ಇಲ್ಲವಾದರು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಹೆತ್ತ ತಾಯಿಯೇ ನಂಬಲಿಲ್ಲ. ಇನ್ನೊಬ್ಬರ ಹೆಸರಿಗೆ ಕೈ ಚಾಚಬೇಡ ಮಗಳೇ ಎಂದು ಹಾಸಿಗೆ ಹಿಡಿದಾಗಲೂ ಬುದ್ಧಿ ಹೇಳಿ, ಹಾಗೆಯೇ ಕಣ್ಣು ಮುಚ್ಚಿದಳು. ಸು-ಚಿನ್ ಮಾನ್-ಯುನ್‌ಳನ್ನು ಕ್ಷಮಿಸದೆ ಇದ್ದದ್ದು ಇದೊಂದಕ್ಕೆ.

ಇಷ್ಟು ಕಾಲವಾದ ಮೇಲೆ ಒಂದು ಮಧ್ಯಾಹ್ನ ಆ ಮಾನ್-ಯುನ್ ತಾನಾಗಿ ಅಂಗಡಿಗೆ ಬಂದಳು, ಜೊತೆಗೆ ಅಣ್ಣನ ಮಗನನ್ನು ಕರೆದುಕೊಂಡು. ಹಳೆಯ ಟಾಕೀಸಿನಲ್ಲಿ ಅವಳಿಗೆ ಸನ್ಮಾನ. ‘ಉಪ್ಪಿನ ಬಂದರು’ ತೋರಿಸುತ್ತಾರಂತೆ. ರೀಲು ಸುಟ್ಟುಹೋಗಿ, ಅಂಚು ಕಂದಿದ ಈ ಡಿಸ್ಕೊಂದು ಉಳಿದಿತ್ತು. ಡಿಸ್ಕನ್ನು ಬೆಳಕಿಗೆ ಹಿಡಿದು, ಪ್ರತಿ ಮಾಡಿಕೊಡುತ್ತೇನೆ ಎಂದಳು ಸು-ಚಿನ್. ಮುಖ ನೋಡಿ ಗುರುತು ಹತ್ತದಿದ್ದ ಮಾನ್-ಯುನ್, ಆ ದನಿ ಕೇಳಿ ತಿರುಗಿ, ಹಿಂದಿನ ಸಲಿಗೆಯ ಹೆಸರಿನಿಂದಲೇ ಕರೆದಳು.

“ಅಯ್ಯೋ, ಆ-ಚಿನ್! ಇನ್ನೂ ನನ್ನ ಹಾಗೇ ಮಾತಾಡ್ತೀಯಲ್ಲೇ!”

ಅಣ್ಣನ ಮಗ ನಕ್ಕ. ಸು-ಚಿನ್ ಅವರಿಗೆ ಚಹಾ ಬಗ್ಗಿಸಿಕೊಟ್ಟಳು. ಅವರು ಹೋದ ಮೇಲೆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಕೂತಳು.

ಮೊದಲು ಅವಳಿಗೆ ಹೊಳೆದದ್ದು ಬಿಟ್‌ರೇಟ್ ಇಳಿಸಿ ಇಡೀ ಚಿತ್ರವನ್ನು ಕೆಡಿಸುವುದು. ಆದರೆ ಹಾಗೆ ಮಾಡಿದರೆ ಕೆಡುವುದು ತನ್ನದೇ ದನಿ; ಮೇಲಾಗಿ ಎಲ್ಲರೂ ಯಂತ್ರವನ್ನು ಬೈದು ಸುಮ್ಮನಾಗುತ್ತಾರೆ. ಅದಕ್ಕೆ ಬಿಟ್‌ರೇಟನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿದಳು. ಅಲೆ, ಮಳೆ, ಚಹಾ ಬಟ್ಟಲಿನ ಮುಚ್ಚಳದ ಸದ್ದು, ಎಲ್ಲ ಕನ್ನಡಿಯ ಹಾಗೆ ಸ್ವಚ್ಛವಾದವು. ಆಮೇಲೆ ಮಾತಿನ ಪಟ್ಟಿಯನ್ನು ಹಿಡಿದಳು. ನಾಯಕಿ ಬಾಯಿ ತೆರೆಯುವ ಕಡೆಯಲ್ಲೆಲ್ಲ ವಾಲ್ಯೂಮನ್ನು ಸೊನ್ನೆಗೆ ಇಳಿಸುತ್ತ ಹೋದಳು. ನಾಯಕಿಯ ಮಾವನ ಮಾತು ಹಾಗೇ ಇತ್ತು, ಗಂಡನದೂ ಇತ್ತು, ಬೀದಿಯಲ್ಲಿ ಮೀನು ಮಾರುವವಳದೂ ಇತ್ತು. ತನ್ನದನ್ನು ಮಾತ್ರ ತಾನು ತೆಗೆದುಕೊಂಡಳು. ದನಿಯೆಲ್ಲ ಇದ್ದ ಪೂರ್ತಿ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಂಡಳು. ಅಣ್ಣನ ಮಗ ಬಂದವನು ಶುರುವಿನ ಕಡಲು, ಹಾಡು ಇಷ್ಟನ್ನೇ ಕೇಳಿ, ಅಬ್ಬ ಎಂಥ ಸ್ಪಷ್ಟ ಎಂದು ಹೊಗಳಿ ತೆಗೆದುಕೊಂಡು ಹೋದ.

ಸನ್ಮಾನದ ದಿನ ಸು-ಚಿನ್ ಒಳ್ಳೆಯ ಬಟ್ಟೆ ಹಾಕಿಕೊಂಡು ಟಾಕೀಸಿನ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾನ್-ಯುನ್ ಕೈಯಲ್ಲಿ ಮೈಕು ಹಿಡಿದು, ಅಂದಿನ ಕಷ್ಟಸುಖ ಹೇಳಿ, ಚಪ್ಪಾಳೆ ತಗೊಂಡು, ಮೈಕಿನ ಸಮೇತ ಮುಂದಿನ ಕುರ್ಚಿಯಲ್ಲಿ ಕೂತಳು. ಚಿತ್ರ ಶುರುವಾಯಿತು. ಬಂದರಿನ ದೃಶ್ಯ ಬಂತು. ಮಾವ ಗದರಿಸಿದ. ನಾಯಕಿ ಬಟ್ಟಲು ಕುಕ್ಕಿ ಎದ್ದು ನಿಂತಳು. ಬಟ್ಟಲಿನ ಸದ್ದು ಕೇಳಿತು. ಬಾಯಿ ತೆರೆದಳು, ಏನೂ ಕೇಳಲಿಲ್ಲ.

ಸ್ಪೀಕರ್ ಹೋಗಿದೆ ಎಂದುಕೊಂಡು ಟಾಕೀಸಿನವನು ವಾಲ್ಯೂಮ್ ಏರಿಸಿದ. ಕಡಲು ಭೋರ್ಗರೆಯಿತು, ಮಾವ ಇನ್ನಷ್ಟು ಗುಡುಗಿದ, ನಾಯಕಿ ಮಾತ್ರ ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ಬಾಯಿ ಬಿಟ್ಟಳು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಟಾಕೀಸೇ ಬಿದ್ದು ಬಿದ್ದು ನಗತೊಡಗಿತು. ಸು-ಚಿನ್‌ ಅಷ್ಟು ಹಿತವಾದ ಸಂಗೀತವನ್ನು ಜನ್ಮದಲ್ಲಿ ಕೇಳಿರಲಿಲ್ಲ.

ಚಿತ್ರ ನಿಲ್ಲಿಸಿ ದೀಪ ಹಾಕಿದರು. ಮಾನ್-ಯುನ್ ಹಿಂದೆ ತಿರುಗಿ ಸು-ಚಿನ್‌ಳನ್ನು ಕಂಡಳು. ಎದ್ದು ಕುರ್ಚಿಗಳ ನಡುವೆ ನಡೆದು ಬಂದಳು. ಜನರ ತಲೆಗಳೂ ಅವಳ ಹಿಂದೆಯೇ ತಿರುಗಿದವು. ಮೈಕನ್ನು ಬೆನ್ನ ಹಿಂದೆ ಮರೆ ಮಾಡಿಕೊಂಡು, ಹಲ್ಲು ಕಚ್ಚಿ ಕೇಳಿದಳು:

“ನನ್ನ ದನಿ ಎಲ್ಲೇ?”

“ನಿಮ್ಮ ದನಿ ನಿಮ್ಮ ಗಂಟಲಲ್ಲೇ ಇದೆಯಲ್ಲ ಅಕ್ಕ.”

“ಜನರೆದುರು ಮಾನ ತೆಗೀಬೇಡ, ಆ-ಚಿನ್. ಏನ್ ಬೇಕು ಹೇಳು.”

ಸು-ಚಿನ್ ಚೀಲದಿಂದ ಪೆನ್‌ಡ್ರೈವ್ ತೆಗೆದು ಅಂಗೈಯಲ್ಲಿ ಹಿಡಿದಳು. ಪೂರ್ತಿ ಪ್ರತಿ ಇದರಲ್ಲಿದೆ, ಈಗಲೇ ಹಾಕಿಸಬಹುದು ಎಂದಳು. ಅದು ಯಾರ ದನಿ ಅಂತ ಹೇಳಿದರೆ ಸಾಕು.

ಮಾನ್-ಯುನ್ ಸುತ್ತ ನೋಡಿದಳು. ಅಣ್ಣನ ಮಗ ಓಡಿ ಬರುತ್ತಿದ್ದ. ಅವಳು ಸು-ಚಿನ್ ಕಿವಿಯ ಹತ್ತಿರ ಬಗ್ಗಿ, ಉಸಿರಿನಲ್ಲೇ ಹೇಳಿದಳು: “ನಿಂದು ಕಣೇ. ನಿಂದೇ.”

ಸು-ಚಿನ್ ಅವಳ ಬೆನ್ನ ಹಿಂದೆ ಕೈ ಹಾಕಿ ಆ ಮೈಕನ್ನು ಮುಂದಕ್ಕೆ ತಂದು, ಗುಂಡಿ ಒತ್ತಿ, ಅವಳ ಬಾಯಿಗೆ ಹಿಡಿದಳು.

“ಕೇಳಿಸಲಿಲ್ಲ ಅಕ್ಕ. ಇನ್ನೊಂಚೂರು ಗಟ್ಟಿಯಾಗಿ ಹೇಳಿ.”