ದೇವರ ಎಣ್ಣೆಯ ಸೌತೆಕಾಯಿ ಸಲಾಡ್

ಸ್ನೇಹಿತರೇ, ಶನಿವಾರವೂ ನನಗೆ ಆಫೀಸು. ಇವತ್ತು ಸಂಜೆ ರಬಾಳೆಯಿಂದ ಲೋಕಲ್ ರೈಲಿನಲ್ಲಿ ನಿಂತೇ ಸಾನಪಾಡಾದ ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡೆ. ಮಗಳಿಗೆ ಕನಿಕರ ಬಂತು.

“ಮಮ್ಮಿ, ಆಜ್ ತೂ ಬೈಠ್. ಮೈ ಕುಛ್ ಠಂಡಾ ಬನಾತೀ ಹೂಂ,” ಎಂದು ಹಿಂದಿಯಲ್ಲೇ ನನ್ನನ್ನು ಕೂರಿಸಿ, ತಣ್ಣಗೆ ಏನಾದರೂ ಮಾಡಲು ಮೊಬೈಲ್ ಹಿಡಿದು ಅಡುಗೆಮನೆಗೆ ಹೋದಳು.

ನನಗಾಗಿ ಯಾರಾದರೂ ಅಡುಗೆಮನೆಗೆ ಹೋಗಿ ಎಷ್ಟು ಕಾಲವಾಗಿತ್ತೋ! ನಾನು ಕಣ್ಣು ಮುಚ್ಚಿದೆ. ಅವಳು ಸೌತೆಕಾಯಿ ಜಜ್ಜಿ, ಬೆಳ್ಳುಳ್ಳಿ, ಸೋಯಾ ಸಾಸ್, ವಿನೆಗರ್ ಬೆರೆಸಿದಳು. ಏಷ್ಯನ್ ಸಲಾಡ್ ಅಂತೆ. ಕೊನೆಗೆ ಎಳ್ಳೆಣ್ಣೆ ಬೇಕಿತ್ತು. ನಮ್ಮ ಮನೆಯಲ್ಲಿ ಎಳ್ಳೆಣ್ಣೆ ಇರುವುದು ದೇವರ ಗೂಡಿನಲ್ಲಿ ಮಾತ್ರ, ಅದೂ ಬಾಟಲಿಯ ತಳದಲ್ಲಿ ಒಂದಿಷ್ಟು.

ದೀಪ ಹಚ್ಚಲು ಬಂದ ಅತ್ತೆಗೆ ಕಂಡದ್ದು ಖಾಲಿ ಬಾಟಲಿ.

“ಎಣ್ಣೆ ಎಲ್ಲಿ ಹೋಯ್ತು ಮಾರಾಯ್ತಿ?”

“ಸಲಾಡ್ ಮೇ ಡಾಲಾ, ಅಜ್ಜಿ. ಊರಿಂದ ತಂದದ್ದಲ್ವಾ, ಪ್ಯೂರ್ ಹೈ.”

“ದೇವರ ಎಣ್ಣೆ ಬೆಳ್ಳುಳ್ಳಿಗಾ? ಅದೂ ಶನಿವಾರ!” ಎಂದ ಅತ್ತೆ ನನ್ನ ಕಡೆ ತಿರುಗಿದರು. “ನೀನು ಮಗಳಿಗೆ ಕಲಿಸಿದ್ದು ಇದೇನಾ?”

ಮಗಳು ಮೆಲ್ಲಗೆ ರೂಮಿಗೆ ಸರಿದಳು. ನಾನು ಎದ್ದು ತೆಂಗಿನೆಣ್ಣೆ ಹುಡುಕಿಕೊಟ್ಟೆ. ಅತ್ತೆ ದೀಪ ಹಚ್ಚಿ ಕೈಮುಗಿದು, “ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊ ದೇವರೇ,” ಎಂದರು.

ಸಲಾಡನ್ನು ಸಿಂಕಿನ ಪಕ್ಕ ನಿಂತು ಒಬ್ಬಳೇ ತಿಂದೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು.

ಈ ಮನೆಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳುವವರು ಈಗ ದೇವರೂ ಸೇರಿ ಇಬ್ಬರಾದೆವು. ಆದರೆ ಅವನಿಗೆ ಪಾತ್ರೆ ತೊಳೆಯುವ ಕೆಲಸವಿಲ್ಲ.