ಬೀರುವಿನೊಳಗಿನ ಜಾಲರಿಗಳು

ಆಂಧ್ರದ ಗಡಿಯೂರು ಆದವಾನಿಯ ಹತ್ತಿ ಮಿಲ್ಲೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಮ್ಯಾನೇಜರಾಗಿದ್ದೆ. ಕೊನೆಯ ಮೂರು ವರ್ಷ ನನ್ನ ವಶದಲ್ಲಿದ್ದ ಅತ್ಯಂತ ಪವಿತ್ರ ವಸ್ತುವೆಂದರೆ ಆಫೀಸಿನ ಒಂದು ಕಬ್ಬಿಣದ ಬೀರುವಿನ ಬೀಗದಕೈ. ಆ ಬೀರುವಿನಲ್ಲಿ ಹನ್ನೆರಡು ಜಾಲರಿಗಳು ವಿರಾಜಮಾನವಾಗಿದ್ದವು. ಅದರ ನೆತ್ತಿಯ ಮೇಲೆ, ಗೋಡೆಗೆ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ನಮ್ಮ ಮಿಲ್ಲಿನ ನೀತಿ ಸಂಹಿತೆ ತೂಗುತ್ತಿತ್ತು. ನೀತಿ ಮೇಲೆ, ಜಾಲರಿ ಕೆಳಗೆ, ಬೀಗ ನಡುವೆ. ನಮ್ಮ ಮಿಲ್ಲಿನ ಆಡಳಿತ ಪದ್ಧತಿಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲು ನನ್ನಿಂದಾಗದು.

ಜಾಲರಿ ಅಂದರೆ ಏನು ಅಂತ ಹೇಳಬೇಕು. ಹತ್ತಿಯಿಂದ ಬೀಜ ಬಿಡಿಸುವ ಮಿಷನ್ನಿನ ಮುಂದೆ ಹೆಂಗಸರು ಸಾಲಾಗಿ ನಿಂತು ಕೈಯಿಂದ ಹತ್ತಿ ತುಂಬುತ್ತಾರೆ. ಒಳಗೆ ಚರ್ಮದ ರೂಲು, ಅಂದರೆ ಉರುಳೆ, ತಿರುಗುತ್ತಿರುತ್ತದೆ, ಅದರ ಮೈಗೆ ಅಂಟಿಕೊಂಡಂತೆ ಉಕ್ಕಿನ ಅಲಗು. ಬೀಜ ಕೆಳಗೆ ಬೀಳುತ್ತದೆ, ಅರಳೆ ಮುಂದೆ ಹೋಗುತ್ತದೆ. ಕೈಯೂ ಅರಳೆಯ ದಾರಿ ಹಿಡಿಯದಿರಲಿ ಅಂತ ರೂಲಿನ ಮುಂದೆ ಹಾಕುವ ಕಬ್ಬಿಣದ ಬಲೆಯೇ ಜಾಲರಿ. ಅದನ್ನು ಹಾಕಿದರೆ ಆಗಾಗ ಹತ್ತಿ ಸಿಕ್ಕಿಕೊಳ್ಳುತ್ತದೆ. ಮಿಷನ್ ನಿಲ್ಲಿಸಿ ಬಿಡಿಸಬೇಕು. “ಜಾಲರಿ ಹಾಕಿದ್ರ ಅದು ಹೊಟ್ಟಿ ತುಂಬ ಉಣ್ಣಂಗಿಲ್ರೀ” ಅನ್ನುತ್ತಿದ್ದರು ಮಿಲ್ಲಿನ ಮಾಲೀಕರು, ನಮ್ಮ ಸಾಹುಕಾರರು. ಮಿಷನ್ನಿನ ಹಸಿವಿನ ಬಗ್ಗೆ ಅವರಿಗೆ ತಾಯಿಯ ಕರುಳಿತ್ತು.

ಹಾಗಿದ್ದರೆ ಜಾಲರಿ ಬಂದದ್ದಾದರೂ ಯಾಕೆ? ನಮ್ಮ ಅರಳೆಯ ನೂಲಿನಿಂದ ಅಂಗಿ ಹೊಲಿಸುವ ಹೊರದೇಶದ ಕಂಪನಿಯೊಂದಕ್ಕೆ ಒಮ್ಮೆ ಆತ್ಮಸಾಕ್ಷಿ ಎಚ್ಚರವಾಯಿತಂತೆ. ಸುರಕ್ಷತೆ ಇಲ್ಲದ, ನೀತಿ ಇಲ್ಲದ ಮಿಲ್ಲಿನ ಹತ್ತಿ ತಮಗೆ ಬೇಡ ಅಂದರು. ಒಂದು ವಾರದಲ್ಲಿ ಊರಿನ ವೆಲ್ಡಿಂಗ್ ಶಾಪಿನಿಂದ ಹನ್ನೆರಡು ಜಾಲರಿ ಬಂದವು, ಹಳದಿ ಬಣ್ಣ ಬಳಿದುಕೊಂಡು, ಮದುಮಗಳ ಹಾಗೆ. ತಪಾಸಣೆಯವರು ಬಂದರು, ಫೋಟೋ ತೆಗೆದರು, ಮೆಚ್ಚಿದರು, ಹೋದರು. ಅವರ ಕಾರು ಗೇಟು ದಾಟುವಷ್ಟರಲ್ಲಿ ಫಿಟ್ಟರ್ ಕೈಯಲ್ಲಿ ಸ್ಪ್ಯಾನರ್ ಇತ್ತು. ಜಾಲರಿಗಳು ಬೀರು ಸೇರಿದವು. ಬೀಗ ಹಾಕಿದವನು ನಾನು.

ನೀತಿಯ ಪಾಠವೂ ಆಯಿತು. ಹೈದರಾಬಾದಿನಿಂದ ಒಬ್ಬ ತರಬೇತಿದಾರರು ಬಂದು ಬೇವಿನ ಮರದ ಕೆಳಗೆ ಹೆಂಗಸರನ್ನು ಕೂರಿಸಿ ಪಾಠ ಮಾಡಿದರು. ಅವರದು ಇಂಗ್ಲಿಷು, ಹೆಂಗಸರದು ಕನ್ನಡ, ನಡುವೆ ಸೇತುವೆ ನಾನು. ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು: ನಿಮ್ಮ ಮೇಲಿನವರು ತಪ್ಪು ಕೆಲಸ ಮಾಡು ಅಂದರೆ ನೀವೇನು ಮಾಡುತ್ತೀರಿ?

ಕೋಸಗಿ ಕಡೆಯಿಂದ ಬರುತ್ತಿದ್ದ ಒಬ್ಬಾಕೆ, ಐದನೇ ಮಿಷನ್ನಿನಾಕೆ, ಸೆರಗು ಸರಿಮಾಡಿಕೊಂಡು ಅಂದಳು:

“ಮಾಡ್ತೀವ್ರಿ.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. “ಆಕಿ ಹೇಳಿದ್ದು ಖರೇನ ಐತಿ ಬಿಡ್ರಿ” ಅಂದಳು ಪಕ್ಕದಲ್ಲಿದ್ದ ಅವಳ ನಾದಿನಿ. ತರಬೇತಿದಾರರು ಕುತೂಹಲದಿಂದ ನನ್ನ ಕಡೆ ತಿರುಗಿದರು. ನಾನು ಗಂಭೀರವಾಗಿ ಅನುವಾದಿಸಿದೆ: “ಕೂಡಲೇ ಆಡಳಿತ ವರ್ಗದ ಗಮನಕ್ಕೆ ತರುತ್ತೇವೆ ಅನ್ನುತ್ತಿದ್ದಾರೆ.” ಅವರು ಸಂತೋಷದಿಂದ ಬರೆದುಕೊಂಡರು. ಇಪ್ಪತ್ತಾರು ವರ್ಷದಲ್ಲಿ ನನ್ನ ಭಾಷಾಜ್ಞಾನಕ್ಕೆ ಸಿಕ್ಕ ಏಕೈಕ ಮೆಚ್ಚುಗೆ ಅದು.

ಮೂರನೆಯ ವರ್ಷದ ಆಯುಧ ಪೂಜೆಯಲ್ಲಿ ನಾನೇ ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಆ ದಿನ ಮಿಲ್ಲಿನ ಒಂದು ಮೊಳೆಯೂ ಪೂಜೆಯಿಲ್ಲದೆ ಉಳಿಯಬಾರದು. ಮಿಷನ್ನು, ತಕ್ಕಡಿ, ಸಾಹುಕಾರರ ಕಾರು, ಆಫೀಸಿನ ಕಂಪ್ಯೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ. ತಟ್ಟೆ ಹಿಡಿದು ಓಡಾಡುತ್ತಿದ್ದವನಿಗೆ ಬೀರುವಿನ ನೆನಪಾಯಿತು. ಪಾಪ, ಅವೂ ನಮ್ಮವೇ ಅಲ್ಲವೇ ಅನ್ನಿಸಿತು. ಬಾಗಿಲು ತೆಗೆದು, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಹನ್ನೆರಡು ಜಾಲರಿಗೂ ಎಳೆದೆ, ನಡುವೆ ಒಂದೊಂದು ಕುಂಕುಮದ ಬೊಟ್ಟು ಇಟ್ಟೆ. ಮಂಡಕ್ಕಿ, ಬೆಲ್ಲ ಇಸಕೊಳ್ಳಲು ಬಂದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು, ಜಾಲರಿಗೆ ಕೈ ಮುಗಿದು ಹೋದರು. ಬೀಗ ಮತ್ತೆ ಬಿತ್ತು.

ಪುಷ್ಯದಲ್ಲಿ, ಹತ್ತಿ ಬಂದು ಅಂಗಳ ತುಂಬಿದ್ದ ಸಮಯದಲ್ಲಿ, ಒಂದು ಬೆಳಿಗ್ಗೆ ಐದನೇ ಮಿಷನ್ನಿನಲ್ಲಿ ಹತ್ತಿ ಸಿಕ್ಕಿಕೊಂಡಿತು. ಅಂದು ‘ಮಾಡ್ತೀವ್ರಿ’ ಅಂದಿದ್ದ ಆಕೆ ದಿನವೂ ಮಾಡುತ್ತಿದ್ದಂತೆ ಕೈಯಿಂದ ಒತ್ತಿದಳು. ಬಲಗೈಯ ಎರಡು ಬೆರಳು ಹೋದವು. ಇದಕ್ಕಿಂತ ಹೆಚ್ಚು ಬರೆಯಲಾರೆ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ ನಿಂತಿದ್ದೆವು. ಸಾಹುಕಾರರು ಬಂದರು. ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿ “ಶಿವಾ ಶಿವಾ” ಅಂದರು. ಕಣ್ಣು ತೆರೆದು ಅಂದ ಮೊದಲ ಮಾತು:

“ಜಾಲರಿ ಹಾಕ್ರಿ.”

ಕಾರ್ಖಾನೆ ಇನ್‌ಸ್ಪೆಕ್ಟರು ಕರ್ನೂಲಿನಿಂದ ಬರುವ ಮೊದಲು ಎಲ್ಲ ಮಿಷನ್ನಿಗೂ ಜಾಲರಿ ಏರಬೇಕು, ಐದನೆಯದು ಮಾತ್ರ ಬಿಚ್ಚಿಟ್ಟಂತೆ ಪಕ್ಕದಲ್ಲಿರಬೇಕು. ಆಕೆಯೇ ತೆಗೆದಿಟ್ಟಳು ಅಂತ ಹೇಳಿಕೆ ತಯಾರಾಗಬೇಕು. ಫಿಟ್ಟರ್ ಮೊದಲ ಜಾಲರಿ ಹೊತ್ತು ತಂದವನು ಅದರ ಮೇಲಿನ ಪಟ್ಟೆ ನೋಡಿ ಕೇಳಿದ:

“ಇವು ಒರಸ್ಲೇನ್ರಿ ಸಾವ್ಕಾರ್ರ?”

“ಏ, ಶಿವನ ವಿಭೂತಿ ಒರಸ್ತಿಯೇನಲೇ? ಮೊದಲ ಆಗಿದ್ದು ಸಾಲ್ದೇನು? ಹಂಗ ಹಾಕು.”

ಹೆಂಗಸಿನ ಬೆರಳು ಹೋದ ತಪ್ಪನ್ನು ಹೆಂಗಸಿನ ಮೇಲೆಯೇ ಹಾಕಲು ಹಿಂಜರಿಯದ ಮನುಷ್ಯ ವಿಭೂತಿ ಒರೆಸಲು ಹೆದರಿದ. ಫಿಟ್ಟರ್ ಹೆದರಿದ. ನಾನೂ, ಸುಳ್ಳೇಕೆ, ಹೆದರಿದೆ. ನಮ್ಮ ಭಕ್ತಿಯ ವಿಸ್ತೀರ್ಣವನ್ನು ಆ ದಿನ ಕರಾರುವಾಕ್ಕಾಗಿ ಅಳೆಯಬಹುದಿತ್ತು: ಮೂರು ಬೆರಳಗಲ.

ಹೇಳಿಕೆ ಬರೆದವನು ನಾನೇ. ಅಚ್ಚ ತೆಲುಗಿನಲ್ಲಿ ಬರೆದೆ. ‘ಸದರಿ ಕಾರ್ಮಿಕೆಯು ನೀತಿ ತರಬೇತಿಗೆ ಹಾಜರಾಗಿ, ಹೆಬ್ಬೆಟ್ಟು ಒತ್ತಿ, ಎಲ್ಲವನ್ನೂ ತಿಳಿದಿದ್ದರೂ ಸ್ವಂತ ಅಜಾಗರೂಕತೆಯಿಂದ’ ಎಂಬ ವಾಕ್ಯದ ಗಾಂಭೀರ್ಯಕ್ಕೆ ನಾನೇ ಒಳಗೊಳಗೆ ತಲೆದೂಗಿದ್ದು ನೆನಪಿದೆ. ಅದನ್ನೂ ಇಂಕ್ ಪ್ಯಾಡನ್ನೂ ಹಿಡಿದು ಆಸ್ಪತ್ರೆಗೆ ಹೋದೆ. ಅವಳ ಹೆಬ್ಬೆರಳುಗಳು ಉಳಿದಿದ್ದವಲ್ಲ.

ಮಂಚದ ಪಕ್ಕದಲ್ಲಿ ನಾದಿನಿ ಕೂತಿದ್ದಳು. ಮಂಚದ ಮೇಲಿದ್ದಾಕೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನ ಕಾಗದ ನೋಡಿದಳು.

“ಏನೈತ್ರಿ ಅದ್ರಾಗ?”

“ಏನಿಲ್ಲವ್ವಾ. ಆಗಿದ್ದು ಬರದೈತಿ.”

“ಆಗಿದ್ದು ಅಂದ್ರ? ಓದ್ರಿ, ಕೇಳ್ತೀನಿ.”

ಓದಿದೆ. ಅವಳಿಗೆ ತೆಲುಗು ಓದಲು ಬರದಿದ್ದರೂ ಕೇಳಿದರೆ ತಿಳಿಯುತ್ತಿತ್ತು. ನನ್ನ ಗಂಭೀರ ವಾಕ್ಯವೂ ತಿಳಿಯಿತು.

“ಜಾಲರಿ ಅಂದ್ರ, ಪೂಜಿ ದಿನ ನೋಡಿದ್ವಲ್ರಿ, ಹಳದಿವು, ಅವೇನು?”

“ಹೂಂ.”

“ಅವನ್ನ ನಾ ಹೆಂಗ ತೆಗೀಲ್ರಿ ಯಪ್ಪಾ? ಬೀಗ ನಿಮ್ ಕಡೆ ಇರ್ತೈತಿ.”

ನಾನು ಇಂಕ್ ಪ್ಯಾಡಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದೆ. ಆಕೆ ಅಂದಳು:

“ನಮ್ಮತ್ತಿ ಮೊದಲ ಅಂತಾಳ್ರಿ, ನಿನಗ ಕೆಲಸದ ಮ್ಯಾಲ ಖಬರಿಲ್ಲ, ಬಾಯಿ ಮ್ಯಾಲ ಖಬರು ಅಂತ. ನಿನ್ನಿಯಿಂದ ಊರೆಲ್ಲಾ ಅದನ್ನ ಅನಕೋತ ತಿರಗ್ಯಾಳಂತ. ಈಗ ಸರಕಾರದ ಕಾಗದದಾಗೂ ಅದನ್ನ ಬರ್ಸಬ್ಯಾಡ್ರಿ. ಎರಡು ಬಳ್ಳು ಹೋದ್ವು, ಹೋಗ್ಲಿ. ತಪ್ಪು ನಂದು ಅನ್ನಬ್ಯಾಡ್ರಿ.”

ಮಿಲ್ಲಿಗೆ ಮರಳಿ, ಆಕೆ ಮಲಗಿದ್ದಳು, ಎಬ್ಬಿಸಲಿಲ್ಲ ಅಂದೆ. ನನ್ನ ಶೌರ್ಯದ ಒಟ್ಟು ಮೊತ್ತ ಅಷ್ಟು. “ಇರ್ಲಿ ಬಿಡ್ರಿ, ಸಾಕ್ಷಿ ಅಂತ ನಿಮ್ ಸಹಿ ಸಾಕು” ಅಂದರು ಸಾಹುಕಾರರು.

ಮರುದಿನ ಇನ್‌ಸ್ಪೆಕ್ಟರು ಬಂದರು. ಗುಂಟೂರು ಕಡೆಯ ತೆಲುಗಿನವರು, ಮಾತು ಕಡಿಮೆ. ಸಾಹುಕಾರರು ಅವರನ್ನು ಮೊದಲು ನೀತಿ ಸಂಹಿತೆಯ ಮುಂದೆ ನಿಲ್ಲಿಸಿದರು, ಆಮೇಲೆ ಮಿಷನ್ನುಗಳ ಮುಂದೆ. ಹನ್ನೊಂದು ಹಳದಿ ಜಾಲರಿ ಏರಿ ಕೂತಿದ್ದವು, ಹನ್ನೆರಡನೆಯದು ನೆಲದ ಮೇಲೆ. “ಯಾವಾಗಲೂ ಹೀಗೇ ಇರುತ್ತವೆ ಸಾರ್, ಆ ಹೆಣ್ಣುಮಗಳೊಬ್ಬಳೇ ತೆಗೆದಳು” ಅಂದರು ಸಾಹುಕಾರರು ತೆಲುಗಿನಲ್ಲಿ. ಹೇಳಿಕೆ ನನ್ನ ಕೈಯಲ್ಲಿತ್ತು, ಪೆನ್ನು ಜೇಬಿನಲ್ಲಿ.

ನಾದಿನಿ ಆರನೇ ಮಿಷನ್ನಿನ ಹತ್ತಿರ ನಿಂತಿದ್ದಳು. ಮಿಷನ್ನುಗಳು ನಿನ್ನೆಯಿಂದ ನಿಂತಿದ್ದರೂ, ಬೆಳಿಗ್ಗೆಯಿಂದ ಅರಳೆಯ ಗಂಟು ಹೊತ್ತು ಅವಳ ತಲೆ, ರೆಪ್ಪೆ, ಹಣೆ ಎಲ್ಲ ಅರಳೆಯ ಧೂಳು. ಮಿಷನ್ ಓಡುವಾಗ ಮಿಲ್ಲಿನೊಳಗೆ ಒಂದು ಗಂಟೆ ನಿಂತರೆ ನಾವೆಲ್ಲ ನೂರು ವರ್ಷದ ಮುದುಕರಂತೆ ಬೆಳ್ಳಗಾಗುತ್ತೇವೆ. ಆಕೆ ಇನ್‌ಸ್ಪೆಕ್ಟರನ್ನು ನೋಡಲಿಲ್ಲ. ನನಗೇ ಅಂದಳು, ಎಲ್ಲರಿಗೂ ಕೇಳುವ ಹಾಗೆ:

“ಯಪ್ಪಾ, ಮುಂಜಾನಿ ಹಚ್ಚಿದ ಕುಂಕುಮ ನನ್ನ ಹಣಿ ಮ್ಯಾಲ ಕಾಣಿಸ್ತೈತೇನು ನೋಡ್ರಿ. ಅರಳಿ ಮುಚ್ಚೈತಿ. ಆಯುಧ ಪೂಜಿ ವಿಭೂತಿ ಜಾಲರಿ ಮ್ಯಾಲ ಹೆಂಗ ಉಳೀತ್ರಿ? ಒಂದೆಳಿ ಅರಳಿ ಹತ್ತಿಲ್ಲ.”

ಇನ್‌ಸ್ಪೆಕ್ಟರಿಗೆ ಕನ್ನಡ ಎಷ್ಟು ತಿಳಿಯಿತೋ. ಬಗ್ಗಿ ನೋಡಿದರು. ಕರವಸ್ತ್ರದ ತುದಿಯಿಂದ ಜಾಲರಿಯ ಸಂದಿ ಒರೆಸಿ ಮೇಲೆತ್ತಿ ಹಿಡಿದರು. ವಸ್ತ್ರ ಸ್ವಚ್ಛವಾಗಿತ್ತು. ಮಿಷನ್ನಿನ ಮೈಮೇಲೆ ಮಾತ್ರ ಬೆರಳು ದಪ್ಪ ಅರಳೆ ಕೂತಿತ್ತು. ವಿಭೂತಿಯ ಪಟ್ಟೆಗಳನ್ನು ತೋರಿಸಿ, ಇದನ್ನು ಇಟ್ಟವರು ಯಾರು ಅಂತ ನನ್ನನ್ನು ಕೇಳಿದರು:

“ಇದಿ ಎವರು ಪೆಟ್ಟಾರು?”

ಸಾಹುಕಾರರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಇಪ್ಪತ್ತಾರು ವರ್ಷದ ಅನ್ನ ಇತ್ತು. ಮತ್ತೊಮ್ಮೆ ಅನುವಾದದ ಅವಕಾಶ ಬಂದಿತ್ತು ನನಗೆ. ಪೂಜಾರಿ ಇಟ್ಟ ಅನ್ನಬಹುದಿತ್ತು, ನಿನ್ನೆ ಅಮಾವಾಸ್ಯೆಯ ಪೂಜೆಗೆ ಇಟ್ಟದ್ದು ಅನ್ನಬಹುದಿತ್ತು.

“ನಾನೇ ಇಟ್ಟೆ” ಅಂದೆ.

“ಎಲ್ಲಿ?”

“ಬೀರುವಿನಲ್ಲಿ.”

ಬೀಗದಕೈ ತೆಗೆದು ಅವರ ಕೈಯಲ್ಲಿಟ್ಟೆ. ಇದನ್ನು ಯಾರೂ ಧೈರ್ಯ ಅಂತ ತಿಳಿಯಬಾರದು. ಧೈರ್ಯವಿದ್ದವನು ಅದನ್ನು ಮೂರು ವರ್ಷ ಮೊದಲೇ ಫಿಟ್ಟರ್ ಕೈಗೆ ಕೊಡುತ್ತಿದ್ದ. ಆಗ ಯಾರ ಕೈಗೂ ಬ್ಯಾಂಡೇಜು ಬೇಕಾಗುತ್ತಿರಲಿಲ್ಲ.

ಸಾಹುಕಾರರು ನನ್ನನ್ನು ಬೈಯಲಿಲ್ಲ. ದೊಡ್ಡ ಮನೆತನದವರು ಬೈಯುವುದಿಲ್ಲ. ಹದಿನೈದು ದಿನದಲ್ಲಿ, ವಯಸ್ಸಾಯಿತು, ವಿಶ್ರಾಂತಿ ಬೇಕು ಅಂತ ಅವರೇ ಕಂಡುಹಿಡಿದು ನನಗೆ ಶಾಲು ಹೊದಿಸಿದರು. ನೀತಿ ಸಂಹಿತೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿದರು. ಫೋಟೋದಲ್ಲಿ ಬೀರುವೂ ಬಂದಿದೆ. ಜಾಲರಿಗಳು ಆಗಲೇ ಮತ್ತೆ ಒಳಗೆ ಸೇರಿದ್ದವು ಅಂತ ಫಿಟ್ಟರ್ ಹೇಳಿದ. ಇನ್‌ಸ್ಪೆಕ್ಟರ ನೋಟಿಸಿಗೆ ಗೌರವವಾಗಿ ಉತ್ತರ ಹೋಗಿದೆ. ಒಂದೇ ಒಂದು ಸುಧಾರಣೆ ಆಗಿದೆ. ಈಗ ಜಾಲರಿಗಳಿಗೆ ಪೂಜೆ ಇಲ್ಲ, ಬದಲಿಗೆ ತಿಂಗಳಿಗೊಮ್ಮೆ ಬೀರು ತೆಗೆದು ಅವುಗಳ ಮೇಲೆ ಒಂದು ಹಿಡಿ ಅರಳೆ ಉದುರಿಸುತ್ತಾರೆ. ನಮ್ಮ ಮಿಲ್ಲು ಪಾಠ ಕಲಿಯುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇನ್‌ಸ್ಪೆಕ್ಟರ ವರದಿಯ ಒಂದು ಪ್ರತಿ ಆಕೆಗೂ ಬಂದಿತ್ತು. ಓದಲು ಬರುವವರು ಬೇಕು ಅಂತ ನಾದಿನಿ ಹೇಳಿ ಕಳಿಸಿದಳು. ಪ್ಯಾಸೆಂಜರ್ ಗಾಡಿ ಹತ್ತಿ ಕೋಸಗಿಯಲ್ಲಿ ಇಳಿದು ಅವರ ಊರಿಗೆ ಹೋದೆ. ಕಟ್ಟೆಯ ಮೇಲೆ ಆಕೆ, ನಾದಿನಿ, ಕಂಬಕ್ಕೆ ಒರಗಿ ಅತ್ತೆ. ನಾನು ತೆಲುಗಿನ ವರದಿಯನ್ನು ಕನ್ನಡದಲ್ಲಿ ಹೇಳಿದೆ, ಈ ಸಲ ಇದ್ದದ್ದು ಇದ್ದ ಹಾಗೆ: ಮಿಷನ್ನಿಗೆ ಜಾಲರಿ ಇರಲಿಲ್ಲ, ಕಾರ್ಮಿಕೆಯ ತಪ್ಪು ಇಲ್ಲ, ತಪ್ಪು ಮ್ಯಾನೇಜ್‌ಮೆಂಟಿನದು.

“ಇನ್ನೊಮ್ಮೆ ಓದ್ರಿ” ಅಂದಳು ಆಕೆ. “ಜೋರ್ಲೆ ಓದ್ರಿ, ಅತ್ತಿಗೆ ಕಿವಿ ಮಂದ.”

ಜೋರಾಗಿ ಓದಿದೆ. ಆಕೆ ಎಡಗೈಯಿಂದ ಕಾಗದ ಇಸಕೊಂಡು, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು. ಅತ್ತೆ ಎಲೆ ಅಡಿಕೆ ಉಗಿದು ಕೇಳಿದಳು:

“ಮ್ಯಾನೇಜ್‌ಮೆಂಟು ಅಂದ್ರ ಯಾರಪ್ಪಾ?”

“ಸಾವ್ಕಾರ್ರು. ಮತ್ತ ನಾನು.”

ಮುದುಕಿ ನನ್ನ ಮುಖ ನೋಡಲಿಲ್ಲ. ನನ್ನ ತೊಡೆಯ ಮೇಲಿದ್ದ ಎರಡೂ ಕೈಗಳನ್ನು, ಒಂದೊಂದಾಗಿ, ಬೆರಳು ಎಣಿಸುವವಳಂತೆ ನೋಡಿದಳು.

“ಬಳ್ಳು ಹತ್ತೂ ಅದಾವಲ್ಲಪ್ಪಾ ನಿನಗ” ಅಂದಳು.