ಗೋಡೆಯಕ್ಕ ಮುಚ್ಚದ ಸಂದು

ಇನ್ನೂ ಕಟ್ಟದ ಮನೆಗಳ ಕೋಣೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೋದಂಥ ಚಿತ್ರ ಮಾಡಿಕೊಡುವ ಆಫೀಸು ಅದು. ಅಲ್ಲಿ ಅವಳಿಗೆ ಗೋಡೆಯಕ್ಕ ಎಂದೇ ಹೆಸರು. ಜೊತೆಯವರು ದಪ್ಪವೇ ಇಲ್ಲದ ಗೋಡೆ ಎಬ್ಬಿಸಿ, ಚಿತ್ರದಲ್ಲಿ ಅದರ ಬುಡದಿಂದ ಹೊರಗಿನ ಬಿಸಿಲು ಬಿಳಿ ಗೆರೆಯಾಗಿ ಸೋರಿತೆಂದರೆ ಅವಳ ಪಿತ್ತ ನೆತ್ತಿಗೇರುತ್ತದೆ. "ಇದೇನು ಗೋಡೆನಾ, ಒಣಗಹಾಕಿದ ಪಂಚೆನಾ?" ಎಂದು ಸಿಡಿಯುತ್ತಾಳೆ. "ಮುಂದೆ ಒಂದು ಹೂಕುಂಡ ಇಟ್ಬಿಟ್ರೆ ಕಾಣಲ್ಲಕ್ಕ" ಎಂದವನ ಕತೆ ಅಲ್ಲಿಗೆ ಮುಗಿಯಿತು. "ಆ ಚಿತ್ರ ನೋಡಿ ಮನೆ ಕೊಳ್ಳೋರ ಕಣ್ಣಿಗೂ ಹೂಕುಂಡ ಇಡ್ತೀಯಾ? ಗೋಡೆಗೆ ದಪ್ಪ ಕೊಡು, ನೆಲಾನ ಗೋಡೆಯಾಚೆವರೆಗೂ ಎಳಿ, ಆಮೇಲೆ ಮುಖ ತೋರ್ಸು!" ನೆಂಟರ ಮನೆಗೆ ಹೋದರೂ ಅಷ್ಟೇ, ಮೂಲೆಯ ಹೂಕುಂಡ ಸರಿಸಿ ಹಿಂದೆ ಇಣುಕದೆ ಅವಳು ನೀರು ಕುಡಿಯುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವ ಮಧ್ಯಾಹ್ನಗಳಲ್ಲಿ ಪುಟ್ಟ ಮಗಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಚ್ಚಿ, ಹೊರಗೆ ಅದರ ಪಕ್ಕದಲ್ಲೇ ಕೂರುತ್ತಾಳೆ. ಆ ಬಾಗಿಲಡಿ ಎರಡು ಬೆರಳಷ್ಟು ಸಂದು. ಸೊಸೆಯ ಸ್ವಭಾವ ಬಲ್ಲ ಮಾವ ಮೊನ್ನೆ ಅದನ್ನು ಮುಚ್ಚಲು ಮರದ ಪಟ್ಟಿ, ಮೊಳೆ, ಸುತ್ತಿಗೆ ಹಿಡಿದು ಹೆಮ್ಮೆಯಿಂದ ಬಂದರು. ಶಭಾಷ್ ಸಿಗುತ್ತದೆಂದುಕೊಂಡಿದ್ದರೆ, ಅವಳು ಬಾಗಿಲಿಗೆ ಅಡ್ಡ ನಿಂತು ಅವರ ಮೇಲೇ ಸಿಡುಕಿದಳು. "ಅದೊಂದನ್ನ ಮಾತ್ರ ಮುಟ್ಬೇಡಿ ಮಾವ! ಆ ಸಂದಿನ ಬೆಳಕಲ್ಲಿ ನನ್ನ ಕಾಲಿನ ನೆರಳು ಕಾಣ್ತಿದ್ರೇನೇ ಅವಳು ಒಬ್ಬಳೇ ಮಲಗೋದು." ಮಾವ ಸುತ್ತಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟರು. ಅವಳು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಕಾಲುಗಳನ್ನು ಸಂದಿನ ಮುಂದೆ ಚಾಚಿ, ಕಂಪ್ಯೂಟರ್ ಪರದೆಯ ಮೇಲಿನ ಬಿಳಿ ಗೆರೆಗೆ ಮತ್ತೆ ಬೈಯತೊಡಗಿದಳು, ಪಿಸುದನಿಯಲ್ಲಿ.